ರೇಸ್ ಬಿಟ್ಟ ಕುದುರೆ ನಿಮ್ಮ ಲಾಯಕ್ಕೆ ಬಂದ ಮೇಲೆ: ಮೊದಲ ವರ್ಷದ ಸಣ್ಣ ಸಣ್ಣ ಗೆಲುವುಗಳಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರು, ಮೈಸೂರಿನ ರೇಸ್ ಕೋರ್ಸುಗಳಲ್ಲಿ ಓಡುವ ಥರೋಬ್ರೆಡ್ ತಳಿಯ ಕುದುರೆಗಳು ಎರಡು ವರ್ಷ ತುಂಬುವ ಹೊತ್ತಿಗೇ ಕಣಕ್ಕಿಳಿಯುತ್ತವೆ. ಬಹಳಷ್ಟು ಕುದುರೆಗಳ ಓಟ ಐದಾರು ವರ್ಷದ ವಯಸ್ಸಿಗೆಲ್ಲ ಮುಗಿದಿರುತ್ತದೆ. ಚೆನ್ನಾಗಿ ನೋಡಿಕೊಂಡರೆ ಕುದುರೆ ಇಪ್ಪತ್ತೈದು ವರ್ಷ ಬದುಕುವ ಪ್ರಾಣಿ. ಹಾಗಾಗಿ ಇಂಥ ಕುದುರೆಗಳು ರೈಡಿಂಗ್ ಸ್ಕೂಲುಗಳಿಗೆ, ಊರಾಚೆ ಜಮೀನು ಇರುವವರಿಗೆ, ಲಾಯದಲ್ಲಿ ತಿಂಗಳ ಬಾಡಿಗೆಗೆ ಜಾಗ ಹಿಡಿದ ನಮ್ಮಂಥವರಿಗೆ ಸಿಗುತ್ತವೆ. ಬೆಲೆ ಎಷ್ಟೋ ಸಲ ಒಂದು ಒಳ್ಳೆ ಬೈಕಿಗಿಂತ ಕಡಿಮೆ. ಖರ್ಚೆಲ್ಲ ಆಮೇಲೆ ಇರುವುದು.

ಕುದುರೆ ಸವಾರಿ ಅಂದರೆ ಎಲ್ಲರ ಕಣ್ಣಿಗೆ ಬರುವುದು ನಾಗಾಲೋಟ. ರೇಸಿನ ಕುದುರೆಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಅದಕ್ಕೆ ಬರದೇ ಇರುವುದು ಬೇರೆ: ಸುಮ್ನೆ ನಿಲ್ಲುವುದು, ನಿಧಾನ ನಡೆಯುವುದು, ಕರೆದರೆ ಬರುವುದು. ಮೊದಲ ವರ್ಷದ ಖುಷಿಯೆಲ್ಲ ಇವುಗಳಲ್ಲೇ ಇದೆ ಅನ್ನುವುದು ನನ್ನ ಅನುಭವ. ಅದಕ್ಕೇ ಈ ಮಾರ್ಗದರ್ಶಿಯನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ. ಓಡಿಸುವುದು ಕೊನೆಗೆ, ಅದೂ ಸ್ವಲ್ಪವೇ. ನೀವು ಈಗಾಗಲೇ ರೈಡಿಂಗ್ ಸ್ಕೂಲಿನಲ್ಲಿ ನಡಿಗೆ, ಟ್ರಾಟ್ (ಲಯಬದ್ಧ ಸಣ್ಣ ಓಟ), ಕ್ಯಾಂಟರ್ (ಅದಕ್ಕಿಂತ ಜೋರು, ನಾಗಾಲೋಟಕ್ಕಿಂತ ನಿಧಾನ) ಕಲಿತಿದ್ದೀರಿ ಅಂದುಕೊಂಡಿದ್ದೇನೆ. ಕಲಿತಿಲ್ಲವಾದರೆ ಕುದುರೆ ಕೊಳ್ಳುವುದು ಮುಂದಿನ ವರ್ಷಕ್ಕಿರಲಿ.

ತರುವ ಮೊದಲು

ಕುದುರೆಯನ್ನು ಒಬ್ಬ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ. ಮಾರುವವರ ವೈದ್ಯರು ಬೇಡ, ನಿಮ್ಮವರೇ ಆಗಲಿ. ಗಟ್ಟಿ ನೆಲದ ಮೇಲೆ ನೇರವಾಗಿ ಟ್ರಾಟ್ ಮಾಡಿಸಿ ನೋಡಿ. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ, ಒಳ್ಳೆ ಕಾಲು ಊರಿದಾಗ ತಲೆ ತಗ್ಗುತ್ತದೆ. ಮುಂಗಾಲಿನ ಹಿಂಬದಿಯ ಸ್ನಾಯುರಜ್ಜಿನ (ಟೆಂಡನ್) ಮೇಲೆ ಬೆರಳಾಡಿಸಿ. ಗಟ್ಟಿ ಗಂಟು ಇದ್ದರೆ ಹಳೇ ಗಾಯ, ಬಿಸಿ, ಊತ ಇದ್ದರೆ ಗಾಯ ಇನ್ನೂ ವಾಸಿಯಾಗಿಲ್ಲ ಅಂತ ಅರ್ಥ. ಹಳೇ ಗಾಯ ಇದ್ದ ಮಾತ್ರಕ್ಕೆ ಬೇಡ ಅನ್ನಬೇಕಾಗಿಲ್ಲ. ನಿಧಾನದ ಸವಾರಿಗೆ ಆ ಕುದುರೆ ಸಾಕಾಗಬಹುದು. ಆದರೆ ಗೊತ್ತಿದ್ದು ತರಬೇಕು.

ಕುದುರೆಯ ಪಾಸ್‌ಪೋರ್ಟ್ (ಗುರುತಿನ ಪುಸ್ತಕ) ಕೇಳಿ, ಮೈಕ್ರೋಚಿಪ್ ನಂಬರ್ ತಾಳೆ ನೋಡಿ. ಗ್ಲ್ಯಾಂಡರ್ಸ್ ಪರೀಕ್ಷೆಯ ವರದಿ ಇಲ್ಲದೆ ಯಾವ ಕುದುರೆಯನ್ನೂ ಲಾರಿ ಹತ್ತಿಸಬೇಡಿ. ಅದು ಮನುಷ್ಯರಿಗೂ ಅಂಟುವ ಕಾಯಿಲೆ. ಧನುರ್ವಾಯು ಲಸಿಕೆ ಯಾವಾಗ ಹಾಕಿಸಿದ್ದಾರೆ, ಜಂತುಹುಳುವಿನ ಔಷಧ ಯಾವಾಗ ಕೊಟ್ಟಿದ್ದಾರೆ, ಇವೆರಡನ್ನೂ ಬರೆದುಕೊಳ್ಳಿ.

ಇನ್ನು ಸೈಸ್. ದಿನಾ ಬೆಳಗ್ಗೆ ಕುದುರೆ ನೋಡಿಕೊಳ್ಳುವ ಆ ಮನುಷ್ಯ ಒಳ್ಳೆಯವನಾದರೆ ನಿಮ್ಮ ಅರ್ಧ ಕಷ್ಟ ಮುಗಿಯಿತು. ಲಾಯ ಆರಿಸುವಾಗ ಗೋಡೆಯ ಬಣ್ಣ ನೋಡುವುದಕ್ಕಿಂತ ಸೈಸ್ ಕುದುರೆ ಹತ್ತಿರ ಹೋದಾಗ ಅದು ಕಿವಿ ಹೇಗೆ ಇಡುತ್ತದೆ ನೋಡಿ. ಮುಂದಕ್ಕೆ ಬಂದರೆ ಒಳ್ಳೆಯದು. ಹಿಂದಕ್ಕೆ ಅಂಟಿಕೊಂಡರೆ ಬೇರೆ ಲಾಯ ಹುಡುಕಿ.

ಮೊದಲ ವಾರಗಳು: ಹತ್ತಬೇಡಿ, ತಿನ್ನಿಸಿ

ರೇಸಿನ ಕುದುರೆಗೆ ಕಾಳು ಜಾಸ್ತಿ, ಹುಲ್ಲು ಕಮ್ಮಿ, ದಿನದ ಬಹುಪಾಲು ಲಾಯದೊಳಗೇ ವಾಸ. ಇದನ್ನು ತಿರುಗಿಸಬೇಕು, ಆದರೆ ಒಂದೇ ದಿನದಲ್ಲಿ ಅಲ್ಲ. ಮೇವು ಬದಲಾಯಿಸಲು ಏಳರಿಂದ ಹತ್ತು ದಿನ ತೆಗೆದುಕೊಳ್ಳಿ. ಕುದುರೆಯ ಹೊಟ್ಟೆ ಅದರ ಗಾತ್ರಕ್ಕೆ ಹೋಲಿಸಿದರೆ ಚಿಕ್ಕದು. ಮೇಲಾಗಿ ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದ ತಪ್ಪು ಮೇವು ಹಿಂದಿನಿಂದಲೇ ಹೊರಗೆ ಬರಬೇಕು.

ಲೆಕ್ಕ ಹೀಗಿದೆ. ಮೊದಲು ತೂಕ ತಿಳಿಯಿರಿ. ಉದ್ದನೆಯ ಬಟ್ಟೆ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆ ಸುತ್ತಳತೆ ತೆಗೆಯಿರಿ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗೆ ಉದ್ದ ತೆಗೆಯಿರಿ, ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 180, ಉದ್ದ 160 ಆದರೆ ಸುಮಾರು 436 ಕಿಲೋ. ಇಷ್ಟು ತೂಕದ ಕುದುರೆಗೆ ದಿನಕ್ಕೆ ತೂಕದ ಶೇ. 1.5ರಿಂದ 2ರಷ್ಟು ಒಣ ಹುಲ್ಲು ಬೇಕು. ಅಂದರೆ ಹೆಚ್ಚುಕಡಿಮೆ ಏಳರಿಂದ ಒಂಬತ್ತು ಕಿಲೋ. ಅದನ್ನು ನಾಲ್ಕೈದು ಸಲ ಹಂಚಿ ಹಾಕಿ. ಕುದುರೆಯ ಮುಂದೆ ಗಂಟೆಗಟ್ಟಲೆ ಹುಲ್ಲಿಲ್ಲದೆ ಇರಬಾರದು. ರಾತ್ರಿಗೆ ದೊಡ್ಡ ಪಾಲು ಇಡಿ.

ಕಾಳು ಕೆಲಸಕ್ಕೆ ತಕ್ಕಂತೆ. ಕೆಲಸವೇ ಇಲ್ಲದ ಈ ವಾರಗಳಲ್ಲಿ ಓಟ್ಸ್ ತುಂಬಾ ಕಡಿಮೆ ಮಾಡಿ. ಹುರುಳಿ ಕೊಡುವುದಾದರೆ ನೆನೆಸಿ ಬೇಯಿಸಿ ಕೊಡಿ. ಬೂಸಾ ಒಂದನ್ನೇ ನಂಬಬೇಡಿ. ಕುದುರೆ ಮಸಾಲೆ ಸೊಪ್ಪು (ಲೂಸರ್ನ್) ಒಳ್ಳೆಯದು, ಆದರೆ ಅದು ಸೊಗಸಾದ ಊಟ, ದಿನದ ಅನ್ನ ಅಲ್ಲ. ಬೂಷ್ಟು ಹಿಡಿದ ಹುಲ್ಲು ಹಸುವಿಗೂ ಬೇಡ, ಕುದುರೆಗಂತೂ ಬೇಡವೇ ಬೇಡ. ನೀರು ದಿನಕ್ಕೆ 25ರಿಂದ 40 ಲೀಟರ್, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಬಕೆಟ್ ಲೆಕ್ಕದಲ್ಲಿ ಅಳೆದು ಇಡಿ. ಎಷ್ಟು ಕುಡಿಯಿತು ಅನ್ನುವುದು ಕಾಯಿಲೆಯ ಮೊದಲ ಸುಳಿವು. ಒಂದು ಉಪ್ಪಿನ ಗಡ್ಡೆ ತೂಗುಹಾಕಿ. ಲಾಯದ ಸುತ್ತ ಕಣಗಿಲೆ ಗಿಡ ಇದ್ದರೆ ಕಿತ್ತುಹಾಕಿ. ನೋಡಲು ಚೆಂದ, ದೇವರಿಗೆ ಏರಿಸುತ್ತೇವೆ, ಸರಿ. ಆದರೆ ಅದರ ಎಲೆ ಕುದುರೆಗೆ ವಿಷ, ಒಣಗಿದ್ದರೂ ವಿಷ.

ಈ ದಿನಗಳಲ್ಲಿ ಬಯಲಿಗೆ ಬಿಡಿ. ಮೊದಲ ದಿನ ಚಿಕ್ಕ ಬೇಲಿಯೊಳಗೆ, ಒಂದು ಶಾಂತ ಕುದುರೆಯ ಪಕ್ಕ. ಎಷ್ಟೋ ರೇಸ್ ಕುದುರೆಗಳಿಗೆ ಬಯಲಲ್ಲಿ ಸುಮ್ನೆ ಇರುವುದೇ ಹೊಸತು. ನಮ್ಮ ಲಾಯದಲ್ಲಿರುವ ಗೌರಿ, ಕಂದು ಬಣ್ಣದ ಹೆಣ್ಣು ಕುದುರೆ, ಬಂದ ಹೊಸದರಲ್ಲಿ ಬೇಲಿಯುದ್ದಕ್ಕೂ ಹಿಂದಕ್ಕೂ ಮುಂದಕ್ಕೂ ನಡೆಯುತ್ತಲೇ ಇದ್ದಳು. ಒಂದು ದಿನ ಮಧ್ಯಾಹ್ನ ಮಣ್ಣಿನಲ್ಲಿ ಮಂಡಿಯೂರಿ, ಉರುಳಿ, ನಾಲ್ಕೂ ಕಾಲು ಮೇಲೆ ಮಾಡಿ, ಎದ್ದು ಮೈ ಕೊಡವಿ, ದೊಡ್ಡದಾಗಿ ಮೂಗಿನಿಂದ ಉಸಿರು ಬಿಟ್ಟಳು. ತೊಳೆದ ಮೈಯೆಲ್ಲ ಕೆಂಪು ಮಣ್ಣು. "ಈಗ ಆಯ್ತು ನೋಡಿ ಮೇಡಂ, ಮನೆ ಅನ್ನಿಸ್ತು ಅವಳಿಗೆ" ಅಂದರು ಸೈಸ್ ಅಣ್ಣ. ಮತ್ತೆ ತೊಳೆಯುವ ಕೆಲಸ ಅವರದೇ, ಆದರೂ ಖುಷಿಯಲ್ಲಿದ್ದರು.

ಕರೆದರೆ ಬರುವುದು

ಬಯಲಿಗೆ ಬಿಟ್ಟ ಕುದುರೆಯನ್ನು ಹಿಡಿಯುವುದು ಹೇಗೆ? ಹಿಡಿಯಲು ಹೋಗದೇ ಇರುವುದು.

ಹಗ್ಗ ಹೆಗಲ ಮೇಲೆ ಹಾಕಿಕೊಂಡು ಒಳಗೆ ಹೋಗಿ. ನೇರ ಕುದುರೆಯ ಕಡೆ ನಡೆಯಬೇಡಿ. ಅದರ ಕಣ್ಣು ತಲೆಯ ಪಕ್ಕಗಳಲ್ಲಿವೆ, ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಕಾಣದ ಜಾಗ ಎರಡೇ: ಹಣೆಯ ಮುಂದೆಯೇ ಸ್ವಲ್ಪ, ಬಾಲದ ಹಿಂದೆ ಸ್ವಲ್ಪ. ಕತ್ತೆಯ ಹಿಂದೆ, ಸಾಹೇಬರ ಮುಂದೆ ಹೋಗಬಾರದು ಅಂತಾರಲ್ವಾ, ಕುದುರೆಗೆ ಹಿಂದೆ ಮುಂದೆ ಎರಡೂ ಅನ್ವಯ. ಭುಜದ ಕಡೆಗೆ ಓರೆಯಾಗಿ ನಡೆಯಿರಿ. ಅದು ತಲೆ ಎತ್ತಿ ನೋಡಿತು ಅಂದ ಕೂಡಲೇ ನಿಲ್ಲಿ, ಬೆನ್ನು ತಿರುಗಿಸಿ. ಮತ್ತೆ ಮೇಯಲು ಶುರು ಮಾಡಿದ ಮೇಲೆ ಎರಡು ಹೆಜ್ಜೆ ಮುಂದೆ. ಮೊದಲ ಕೆಲವು ಸಲ ಹತ್ತಿರ ಹೋಗಿ, ಕುತ್ತಿಗೆ ಬುಡದಲ್ಲಿ ಕೆರೆದು, ಹಾಲ್ಟರ್ (ಹಗ್ಗ ಕಟ್ಟುವ ಮುಖಪಟ್ಟಿ) ಹಾಕದೆ ವಾಪಸ್ ಬನ್ನಿ. ನೀವು ಬಂದರೆ ಪ್ರತಿ ಸಲವೂ ಕೆಲಸ ಇರುವುದಿಲ್ಲ ಅನ್ನುವುದು ಅದಕ್ಕೆ ಗೊತ್ತಾಗಬೇಕು.

ಕ್ಯಾರೆಟ್, ಸಣ್ಣ ಬೆಲ್ಲದ ಚೂರು ಕೊಡಬಹುದು. ಅಂಗೈ ಪೂರ್ತಿ ಚಪ್ಪಟೆ ಮಾಡಿ, ಹೆಬ್ಬೆರಳು ಒಳಗೆ ಸೇರಿಸಿ ಕೊಡಿ. ದಿನಾ ಕೊಟ್ಟರೆ ಜೇಬು ಕಚ್ಚಲು ಕಲಿಯುತ್ತದೆ, ಆಮೇಲೆ ಬೈದು ಪ್ರಯೋಜನವಿಲ್ಲ. ಕೆರೆಯುವುದೇ ಒಳ್ಳೆ ಲಂಚ. ಸರಿಯಾದ ಜಾಗ ಸಿಕ್ಕಿದರೆ ಮೇಲ್ದುಟಿ ಉದ್ದ ಮಾಡಿ ಅಲುಗಾಡಿಸುತ್ತದೆ. ಒಂದು ದಿನ ಗೇಟ್ ಸದ್ದಿಗೇ ಮೇವು ಬಿಟ್ಟು ನಿಮ್ಮ ಕಡೆ ನಡೆದು ಬರುತ್ತದೆ. ಆ ದಿನ ಫೋನಿನಲ್ಲಿ ಎಲ್ಲರಿಗೂ ಹೇಳುತ್ತೀರಿ, ಯಾರಿಗೂ ಅರ್ಥವಾಗುವುದಿಲ್ಲ.

ಹಗ್ಗವನ್ನು ಯಾವತ್ತೂ ಕೈಗೆ ಸುತ್ತಿಕೊಳ್ಳಬೇಡಿ. ಮಡಚಿ ಹಿಡಿಯಿರಿ. ಕುದುರೆ ಬೆಚ್ಚಿ ಓಡಿದರೆ ಹಗ್ಗ ಹೋಗಲಿ, ಬೆರಳು ಇರಲಿ.

ಗೊರಸು ಎತ್ತುವುದು, ಮೈ ಮುಟ್ಟಿ ನೋಡುವುದು

ರೇಸಿನ ಕುದುರೆಗೆ ಮಾಲೀಸು ಚೆನ್ನಾಗಿ ಗೊತ್ತಿರುತ್ತದೆ. ಹಾಗಾಗಿ ಇದು ಬೇಗ ಆಗುವ ಕೆಲಸ. ರಬ್ಬರ್ ಬ್ರಷ್ಷಿನಿಂದ ವೃತ್ತಾಕಾರವಾಗಿ ಉಜ್ಜಿ ಮಣ್ಣು ಎಬ್ಬಿಸಿ, ಗಟ್ಟಿ ಬ್ರಷ್ಷಿನಿಂದ ಕೊಡವಿ, ಮೆತ್ತನೆಯದರಿಂದ ಒರೆಸಿ. ಮೂಳೆ ಇರುವ ಕಡೆ ಹಗುರ. ಜೀನು ಕೂರುವ ಜಾಗದಲ್ಲಿ ಒಂದು ಹರಳು ಮಣ್ಣು ಉಳಿದರೂ ಹುಣ್ಣಾಗುತ್ತದೆ, ಅಲ್ಲಿ ಕಣ್ಣು ನಂಬಬೇಡಿ, ಅಂಗೈ ಆಡಿಸಿ ನೋಡಿ.

ಗೊರಸಿಗೆ: ಭುಜದ ಪಕ್ಕ ಬಾಲದ ಕಡೆ ಮುಖ ಮಾಡಿ ನಿಲ್ಲಿ. ಕೈಯನ್ನು ಕಾಲುದ್ದಕ್ಕೂ ಜಾರಿಸುತ್ತಾ ಇಳಿಸಿ, ಗೊರಸಿನ ಮೇಲಿನ ಗಿಣ್ಣಿನ ಹತ್ತಿರ ಮೆಲ್ಲಗೆ ಒತ್ತಿ. ಎತ್ತಿದ ಕೂಡಲೇ ಹೊಗಳಿ, ಅದು ಎಳೆದುಕೊಳ್ಳುವ ಮೊದಲೇ ನೀವೇ ಕೆಳಗಿಡಿ. ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹೆಚ್ಚಿಸಿ. ಗೊರಸಿನ ಕೊಳೆ ತೆಗೆಯುವ ಕೊಕ್ಕೆಯನ್ನು ಹಿಮ್ಮಡಿಯಿಂದ ಮುಂದಕ್ಕೆ ಎಳೆಯಿರಿ. ತಳದಲ್ಲಿ ವಿ ಆಕಾರದ ಮೆತ್ತನೆ ಭಾಗ ಇರುತ್ತದೆ, ಅದರ ಎರಡೂ ಬದಿಯ ಸಂದು ಚೊಕ್ಕವಾಗಿರಬೇಕು. ಮಳೆಗಾಲದಲ್ಲಿ ಅಲ್ಲಿ ಕಪ್ಪಗೆ, ಗಬ್ಬು ವಾಸನೆಯ ಕೊಳೆ ಸೇರಿದರೆ ಅದು ಥ್ರಶ್ ಅನ್ನುವ ಗೊರಸಿನ ಸೋಂಕು. ಔಷಧಕ್ಕಿಂತ ಮೊದಲು ಲಾಯದ ನೆಲ ಒಣಗಿಸಿ.

ಇದೇ ಹೊತ್ತಿನಲ್ಲಿ ಆರೋಗ್ಯದ ಲೆಕ್ಕವೂ ಆಗಲಿ. ಸುಮ್ನೆ ನಿಂತ ಆರೋಗ್ಯವಂತ ಕುದುರೆಯ ಮೈಬಿಸಿ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್, ಎದೆಬಡಿತ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ದವಡೆಯ ಕೆಳಗೆ ನಾಡಿ ಸಿಗುತ್ತದೆ. ಒಸಡು ತಿಳಿ ಗುಲಾಬಿ ಇರಬೇಕು. ಬೆರಳಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಬಣ್ಣ ವಾಪಸ್ ಬರಬೇಕು. ಹುಷಾರಾಗಿರುವಾಗಲೇ ಇವನ್ನೆಲ್ಲ ನೋಡಿ ಬರೆದಿಟ್ಟರೆ, ಹುಷಾರಿಲ್ಲದ ದಿನ ವೈದ್ಯರಿಗೆ ಫೋನಿನಲ್ಲೇ ಸರಿಯಾಗಿ ಹೇಳಬಹುದು.

ಹತ್ತುವಾಗ ನಿಲ್ಲುವುದು

ನನ್ನ ಪ್ರಕಾರ ಇಡೀ ವರ್ಷದ ದೊಡ್ಡ ಗೆಲುವು ಇದೇ. ರೇಸ್ ಕೋರ್ಸಿನಲ್ಲಿ ಜಾಕಿ ರಿಕಾಪಿಗೆ (ಜೀನಿನ ಪಕ್ಕ ತೂಗುವ, ಪಾದ ಇಡುವ ಬಳೆಗೆ) ಕಾಲಿಟ್ಟು ಹತ್ತುವುದಿಲ್ಲ. ಕುದುರೆ ನಡೆಯುತ್ತಿರುವಾಗಲೇ ಯಾರೋ ಒಬ್ಬರು ಅವರ ಮೊಣಕಾಲು ಹಿಡಿದು ಮೇಲೆ ಎಸೆಯುತ್ತಾರೆ. ಬೆನ್ನ ಮೇಲೆ ಭಾರ ಬಿತ್ತು ಅಂದರೆ ನಡಿ ಅಂತ ಅರ್ಥ. ನೀವು ರಿಕಾಪಿಗೆ ಕಾಲಿಟ್ಟಾಗ ಅದು ಹೊರಟರೆ ಪೊಗರು ಅಂದುಕೊಳ್ಳಬೇಡಿ. ಅದು ಹೇಳಿಕೊಟ್ಟ ಪಾಠವನ್ನೇ ಒಪ್ಪಿಸುತ್ತಿದೆ.

ಮೊದಲು ಒಂದು ಹತ್ತುವ ಕಟ್ಟೆ ಬೇಕು. ಎರಡು ಮೆಟ್ಟಿಲಿನ ಗಟ್ಟಿ ಮರದ ಪೆಟ್ಟಿಗೆಯೂ ಆಗುತ್ತದೆ. ನೆಲದಿಂದ ಹತ್ತಿದರೆ ಜೀನು ಒಂದು ಕಡೆ ಎಳೆದು ಕುದುರೆಯ ಬೆನ್ನು ನೋಯುತ್ತದೆ. ಆಮೇಲೆ ನಿಲ್ಲು ಅಂದರೆ ಅದು ಯಾಕೆ ನಿಲ್ಲಬೇಕು?

ಮೊದಲ ಹಂತದಲ್ಲಿ ಕುದುರೆಯನ್ನು ಕಟ್ಟೆ ಪಕ್ಕ ನಿಲ್ಲಿಸಿ, ಕುತ್ತಿಗೆ ಕೆರೆದು, ವಾಪಸ್ ಕರೆದುಕೊಂಡು ಹೋಗಿ. ಅಷ್ಟೇ. ಎರಡನೆಯದರಲ್ಲಿ ನೀವು ಕಟ್ಟೆ ಹತ್ತಿ ನಿಲ್ಲಿ. ಕುದುರೆ ಇದ್ದಕ್ಕಿದ್ದಂತೆ ಎತ್ತರವಾದ ನಿಮ್ಮನ್ನು ನೋಡಿ ತಲೆ ಎತ್ತುತ್ತದೆ. ತಲೆ ಇಳಿಯುವವರೆಗೆ ಕಾಯಿರಿ. ಮೂರನೆಯದು, ಜೀನಿನ ಮೇಲೆ ಕೈ ತಟ್ಟಿ, ಆಚೆ ಬದಿಯ ರಿಕಾಪನ್ನು ಅಲುಗಾಡಿಸಿ, ಜೀನಿನ ಚರ್ಮ ಕಿರ್ ಅನ್ನಲಿ. ನಾಲ್ಕನೆಯದು, ರಿಕಾಪಿಗೆ ಕಾಲಿಟ್ಟು ಸ್ವಲ್ಪ ಭಾರ ಹಾಕಿ, ಇಳಿಯಿರಿ. ಐದನೆಯದರಲ್ಲಿ ಮಾತ್ರ ಕಾಲು ಆಚೆ ಹಾಕಿ, ಮೆಲ್ಲಗೆ ಕೂತು, ಏನೂ ಮಾಡಬೇಡಿ. ರಿಕಾಪು ಸರಿ ಮಾಡಿಕೊಳ್ಳಿ, ಕುತ್ತಿಗೆ ಸವರಿ, ಸೈಸ್ ಜೊತೆ ಎರಡು ಮಾತಾಡಿ. ಆಮೇಲೆ ನೀವು ಹೇಳಿದಾಗ ಹೊರಡಲಿ.

ಯಾವ ಹಂತದಲ್ಲಿ ಹೆಜ್ಜೆ ಇಟ್ಟರೂ ಲಗಾಮು ಜಗ್ಗಬೇಡಿ. ಬೈಯಬೇಡಿ. ಒಂದು ಸುತ್ತು ನಡೆಸಿ ಮತ್ತೆ ಕಟ್ಟೆಗೆ ತನ್ನಿ, ಹಿಂದಿನ ಹಂತದಿಂದ ಶುರು ಮಾಡಿ. ತಲೆ ಹತ್ತಿರ ನಿಂತ ಸಹಾಯಕರು ಹಗ್ಗ ಸಡಿಲ ಹಿಡಿಯಲಿ. ಬಿಗಿ ಹಿಡಿದಷ್ಟೂ ಕುದುರೆಗೆ ಇಲ್ಲೇನೋ ಇದೆ ಅನ್ನಿಸುತ್ತದೆ.

ಇದೆಲ್ಲ ಅತಿಯಾಯಿತು ಅನ್ನಿಸುತ್ತಿದೆಯಾ? ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು ಈವೆಂಟಿಂಗ್ ಅನ್ನುವ, ಮೂರು ಭಾಗಗಳ ಕುದುರೆ ಸವಾರಿ ಸ್ಪರ್ಧೆಯಲ್ಲಿ. ಆ ಸ್ಪರ್ಧೆಯ ಮೊದಲ ಭಾಗ ಡ್ರೆಸಾಜ್, ಅಂದರೆ ಕುದುರೆ ಎಷ್ಟು ಹೇಳಿದ ಮಾತು ಕೇಳುತ್ತದೆ ಅನ್ನುವ ಪರೀಕ್ಷೆ. ಅಲ್ಲಿ ಕುದುರೆ ನಾಲ್ಕೂ ಕಾಲೂರಿ ಅಲುಗಾಡದೆ ನಿಲ್ಲುವುದಕ್ಕೂ ತೀರ್ಪುಗಾರರು ಅಂಕ ಕೊಡುತ್ತಾರೆ.

ಲಗಾಮು ಬಿಟ್ಟರೆ ನಿಲ್ಲುತ್ತದೆ

ಇದನ್ನು ನಂಬುವುದು ಕಷ್ಟ. ಓಡುವಾಗ ಜಾಕಿಯ ಬಿಗಿ ಲಗಾಮಿಗೆ ಕುದುರೆ ಒರಗಿಕೊಂಡು ಓಡುತ್ತದೆ. ಆದ್ದರಿಂದ ನೀವು ಹೆದರಿ ಎರಡೂ ಕೈಯಲ್ಲಿ ಎಳೆದಷ್ಟೂ ಅದಕ್ಕೆ ಆಸರೆ ಸಿಕ್ಕಂತಾಗಿ ಜಾಸ್ತಿ ಓಡುತ್ತದೆ. ಕಾಲಿನ ವಿಷಯವೂ ಹಾಗೇ. ಜಾಕಿಗಳ ರಿಕಾಪು ತೀರಾ ಗಿಡ್ಡ. ಪಕ್ಕೆಯುದ್ದಕ್ಕೂ ಇಳಿಬಿದ್ದ ಕಾಲು ಆ ಕುದುರೆಗೆ ಗೊತ್ತೇ ಇಲ್ಲ. ನಿಮ್ಮ ಮೀನಖಂಡ ತಗುಲಿದರೆ ಗಾಬರಿಯಾಗಿ ಹಾರಬಹುದು.

ಬೇಲಿಯೊಳಗೆ, ನಡಿಗೆಯಲ್ಲೇ ಶುರು ಮಾಡಿ. ಕಾಲು ಹಗುರವಾಗಿ ತಗುಲಿಸಿಯೇ ಇಡಿ, ಎತ್ತಿ ಹಿಡಿಯಬೇಡಿ. ನಿಲ್ಲಿಸಬೇಕಾದಾಗ ಹೀಗೆ: ಉದ್ದಕ್ಕೆ ಉಸಿರು ಬಿಡಿ, ಜೀನಿನಲ್ಲಿ ಭಾರವಾಗಿ ಕೂರಿ, "ಹೋ…" ಅನ್ನಿ, ಆಮೇಲೆ ಬೆರಳು ಮುಚ್ಚಿ. ಕೈ ಹಿಂದೆ ಬರಬಾರದು, ಬೆರಳು ಮಾತ್ರ. ಒಂದು ಹೆಜ್ಜೆ ನಿಧಾನವಾದ ಕೂಡಲೇ ಬೆರಳು ಬಿಚ್ಚಿ. ಈ ಬಿಚ್ಚುವುದೇ ಪಾಠ. ಬಿಚ್ಚಲು ತಡ ಮಾಡಿದರೆ ಕುದುರೆ ಮತ್ತೆ ಒರಗುತ್ತದೆ.

ಜೊತೆಗೆ ಒಂದೇ ಲಗಾಮಿನಲ್ಲಿ ನಿಲ್ಲಿಸುವುದನ್ನೂ ನಡಿಗೆಯಲ್ಲೇ ಕಲಿಸಿಡಿ. ಒಂದು ಬದಿಯ ಲಗಾಮನ್ನು ನಿಧಾನಕ್ಕೆ ತೊಡೆಯ ಕಡೆ ತಂದರೆ ಕುತ್ತಿಗೆ ಬಾಗುತ್ತದೆ, ಕುದುರೆ ಚಿಕ್ಕ ಸುತ್ತು ಹಾಕಿ ನಿಲ್ಲುತ್ತದೆ, ನಿಂತ ಕ್ಷಣ ಬಿಡಿ. ಎರಡೂ ಬದಿಗೆ ಮಾಡಿ. ಇದನ್ನು ಜೋರು ಓಟದಲ್ಲಿ ಮೊದಲ ಸಲ ಪ್ರಯೋಗ ಮಾಡಿದರೆ ಕುದುರೆ ಕಾಲು ತೊಡರಿ ಬೀಳಬಹುದು.

ಕೆಲವು ವಾರಗಳಲ್ಲಿ ಉಸಿರು ಬಿಟ್ಟರೆ ಸಾಕು, ನಡಿಗೆ ನಿಲ್ಲುತ್ತದೆ. ಗೌರಿ ಹಾಗೆ ನಿಂತ ಸಂಜೆ ನಾನು ಬೇಕಂತಲೇ ಮತ್ತೆ ಮತ್ತೆ ನಡೆಸಿ, ನಿಲ್ಲಿಸಿ ನೋಡಿದೆ. ಕೊನೆಗೆ ಅವಳು ತಿರುಗಿ ನನ್ನ ಬೂಟು ಮೂಸಿದಳು, ಸಾಕು ಅನ್ನುವ ಹಾಗೆ.

ಟ್ರಾಟ್, ಕ್ಯಾಂಟರ್

ಟ್ರಾಟ್‌ನಲ್ಲಿ ಏಳುತ್ತಾ ಕೂರುತ್ತಾ ಸವಾರಿ ಮಾಡಿ. ಹೊರಬದಿಯ ಭುಜ ಮುಂದೆ ಹೋದಾಗ ನೀವು ಏಳಬೇಕು. ದಿಕ್ಕು ಬದಲಿಸಿದಾಗ ಒಂದು ಲಯ ಹೆಚ್ಚು ಕೂತು ಇದನ್ನೂ ಬದಲಿಸಿ. ರೇಸಿನ ಕುದುರೆ ಒಂದೇ ದಿಕ್ಕಿನಲ್ಲಿ ಜಾಸ್ತಿ ಓಡಿರುತ್ತದೆ, ಹಾಗಾಗಿ ಒಂದು ಬದಿ ಗಡಸು. ಆ ಬದಿಗೆ ಹೆಚ್ಚು ಹೊತ್ತು ಅಲ್ಲ, ಹೆಚ್ಚು ಸಲ ಕೆಲಸ ಕೊಡಿ. ದೊಡ್ಡ ವೃತ್ತಗಳು ಸಾಕು. ನೆಲದ ಮೇಲೆ ಮೂರು ಬೊಂಬು ಇಟ್ಟು ದಾಟಿಸಿ. ಕಾಲು ನೋಡಿ ಇಡಲು ಕಲಿಯುತ್ತದೆ.

ಕ್ಯಾಂಟರ್ ತಾನಾಗೇ ಬರುತ್ತದೆ. ಟ್ರಾಟ್‌ನಿಂದ ನಡಿಗೆಗೆ ಉಸಿರಿನಲ್ಲಿ ಇಳಿಯುವುದು ಬಂದ ಮೇಲೆ, ಬೇಲಿಯೊಳಗೆ, ಅರ್ಧ ಸುತ್ತು. ಬೇಕಿದ್ದರೆ ತರಬೇತುದಾರರನ್ನು ಕರೆಸಿ. ಈ ಒಂದು ವಿಷಯದಲ್ಲಿ ದುಡ್ಡು ಉಳಿಸಬೇಡಿ.

ಹೆಲ್ಮೆಟ್ ಕುದುರೆ ಸವಾರಿಯದ್ದೇ ಆಗಿರಲಿ. ಬೈಕಿನದು, ಸೈಕಲಿನದು ಬೇಡ. ಒಂದು ಸಲ ಗಟ್ಟಿಯಾಗಿ ಬಿದ್ದರೆ ಹೆಲ್ಮೆಟ್ ಬದಲಿಸಿ, ಹೊರಗೆ ಬಿರುಕು ಕಾಣದಿದ್ದರೂ. ಶೂಗೆ ಸಣ್ಣ ಹಿಮ್ಮಡಿ ಇರಬೇಕು, ಕಾಲು ರಿಕಾಪಿನೊಳಗೆ ಜಾರಿ ಸಿಕ್ಕಿಕೊಳ್ಳಬಾರದು.

ಹೊಟ್ಟೆನೋವು: ಇದನ್ನು ಲಾಯದ ಗೋಡೆಗೆ ಅಂಟಿಸಿ

ಮೇವು ಬಿಟ್ಟಿದೆ, ಹೊಟ್ಟೆಯ ಕಡೆ ತಿರುಗಿ ತಿರುಗಿ ನೋಡುತ್ತಿದೆ, ನೆಲ ಕೆರೆಯುತ್ತಿದೆ, ಮತ್ತೆ ಮತ್ತೆ ಮಲಗಿ ಏಳುತ್ತಿದೆ, ಲದ್ದಿ ಹಾಕಿಲ್ಲ, ಬೆವರುತ್ತಿದೆ. ಇವುಗಳಲ್ಲಿ ಎರಡು ಕಂಡರೂ ಕಾಲಿಕ್ ಅಂದುಕೊಂಡು ವೈದ್ಯರಿಗೆ ಫೋನ್ ಮಾಡಿ. ಬೆಳಗಾಗಲಿ ಅನ್ನಬೇಡಿ. ಮೇವು ತೆಗೆಯಿರಿ. ನಾಡಿ, ಉಸಿರು, ಒಸಡಿನ ಬಣ್ಣ ಹೇಳಿ. ಸುಮ್ಮನೆ ನಿಂತಿದ್ದರೆ ಹಾಗೇ ಬಿಡಿ. ಹೊರಳಾಡುತ್ತಿದ್ದರೆ ಮೆಲ್ಲಗೆ ನಡೆಸಿ, ಸುಸ್ತು ಮಾಡಬೇಡಿ. ಬಾಯಿಗೆ ಎಣ್ಣೆ ಹುಯ್ಯಲು ಯಾರಾದರೂ ಬಾಟಲಿ ತಂದರೆ ತಡೆಯಿರಿ, ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ನೋವಿನ ಇಂಜೆಕ್ಷನ್ ವೈದ್ಯರು ಹೇಳದೆ ಬೇಡ. ಇಷ್ಟೆಲ್ಲ ಆದ ಮೇಲೆ ಬೆಳಗಿನ ಜಾವ ಒಂದು ರಾಶಿ ಲದ್ದಿ ಬಿದ್ದರೆ ಅದನ್ನು ನೋಡಿ ಇಷ್ಟು ಸಂತೋಷಪಡುವುದು ಕುದುರೆ ಸಾಕಿದವರಿಗೆ ಮಾತ್ರ ಸಾಧ್ಯ.

ಗೇಟಿನಾಚೆ

ರೇಸಿನ ಕುದುರೆಗೆ ಜನಜಂಗುಳಿ, ಮೈಕು ಗೊತ್ತು. ಪ್ಲಾಸ್ಟಿಕ್ ಕವರ್, ಎಮ್ಮೆ, ಗಾಳಿಗೆ ಪಟಪಟ ಅನ್ನುವ ಫ್ಲೆಕ್ಸ್ ಗೊತ್ತಿಲ್ಲ. ಮೊದಲು ಕೈಯಲ್ಲಿ ಹಿಡಿದು ನಡೆಸಿಕೊಂಡು ಹೋಗಿ, ಹಳೇ ಶಾಂತ ಕುದುರೆಯೊಂದು ಮುಂದಿರಲಿ. ಫ್ಲೆಕ್ಸ್ ಕಂಡು ನಿಂತರೆ ನೀವೂ ನಿಲ್ಲಿ. ನೋಡಲು ಬಿಡಿ. ತಲೆ ಇಳಿದು, ಬಾಯಿ ಚಪ್ಪರಿಸಿದ ಮೇಲೆ ಒಂದು ಹೆಜ್ಜೆ ಮುಂದೆ, ಮತ್ತೆ ನಿಲ್ಲಿ. ಹಿಂದಿನಿಂದ ಹೊಡೆದು ದಾಟಿಸಿದರೆ ಇವತ್ತು ದಾಟುತ್ತದೆ, ನಾಳೆ ಅದೇ ಜಾಗದಲ್ಲಿ ತಿರುಗಿ ಓಡುತ್ತದೆ. ಹಳ್ಳಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಓಡಿಸುವವರಿಗೆ ಕೈ ತೋರಿಸಿದರೆ ಎಂಜಿನ್ ಆಫ್ ಮಾಡಿ ನಿಲ್ಲುತ್ತಾರೆ, ಆಮೇಲೆ ಕುದುರೆಯ ರೇಟ್ ಕೇಳುತ್ತಾರೆ. ಎರಡಕ್ಕೂ ಸಿದ್ಧರಾಗಿ. ಗಣೇಶನ ಮೆರವಣಿಗೆಯ ವಾರ, ದೀಪಾವಳಿಯ ಮೂರು ದಿನ ಹೊರಗೆ ಹೋಗಲೇಬೇಡಿ. ಸಂಜೆಗೆ ಮೊದಲೇ ಲಾಯಕ್ಕೆ ಸೇರಿಸಿ, ಹುಲ್ಲು ತುಂಬಿಡಿ, ಗೊತ್ತಿರುವ ಒಬ್ಬರು ಹತ್ತಿರ ಇರಲಿ.

ವಾಪಸ್ ಬರುವಾಗ ಕೊನೆಯ ಹತ್ತು ನಿಮಿಷ ಬರೀ ನಡಿಗೆ. ಹೊಟ್ಟೆಪಟ್ಟಿ ಒಂದು ತೂತು ಸಡಿಲಿಸಿ. ಜೀನು ಇಳಿಸಿ ಕಾಲುಗಳಿಗೆ ತಣ್ಣೀರು ಬಿಡಿ. ಕುಡಿಯುವ ನೀರು ಮುಂದಿಡಿ. ನಾಲ್ಕೂ ಗೊರಸು ಎತ್ತಿ ಕಲ್ಲು ಸಿಕ್ಕಿದೆಯಾ, ಲಾಳದ ಮೊಳೆ ಸಡಿಲಾಗಿದೆಯಾ ನೋಡಿ. ಲಾಳ ಆರರಿಂದ ಎಂಟು ವಾರಕ್ಕೊಮ್ಮೆ ಬದಲಾಗಬೇಕು. ಲಾಳ ಹೊಡೆಯುವವರ ಹತ್ತಿರ ಮುಂದಿನ ತಾರೀಕು ಈಗಲೇ ಬರೆಸಿಕೊಳ್ಳಿ. ದಸರಾ ಹತ್ತಿರ ಬಂದರೆ ಅವರು ಫೋನ್ ಎತ್ತುವುದಿಲ್ಲ.